ದೋಣಿಯ ಹಿಂದೆ ಕೂರಿಸುವ ಹಳೆ ಔಟ್‌ಬೋರ್ಡ್ ಮೋಟಾರಿಗೆ ಕಿಲ್ ಸ್ವಿಚ್, ಗೇಜ್ ಹಾಕಬಹುದಾ?

1950ರ ದಶಕದ ಎರಡು ಸಿಲಿಂಡರ್ ಜಾನ್ಸನ್ ಕಂಪನಿಯ ಮೋಟಾರ್ ಅಂದಿದ್ದೀರಿ. ಖಂಡಿತ ಹಾಕಬಹುದು. ಮೊದಲು ಹಗ್ಗದ ಕಿಲ್ ಸ್ವಿಚ್ (ಹಗ್ಗ ನಿಮ್ಮ ಮೈಗೆ ಕಟ್ಟಿರುತ್ತದೆ, ಎಳೆದರೆ ಇಂಜಿನ್ ನಿಲ್ಲುತ್ತದೆ) ಹಾಕಿ. ನೀವು ನೀರಿಗೆ ಬಿದ್ದರೆ ಇಂಜಿನ್ ತಕ್ಷಣ ನಿಲ್ಲಬೇಕು, ಇಲ್ಲದಿದ್ದರೆ ದೋಣಿ ಸುತ್ತು ಹೊಡೆದು ಬಂದು ಪ್ರೊಪೆಲ್ಲರ್ ನಿಮಗೇ ಬಡಿಯಬಹುದು.

ಆದರೆ ಕಾರಿನ ಸ್ವಿಚ್ ಬೇಡ. ಅದು ಕರೆಂಟ್ ಕಡಿದು ಇಂಜಿನ್ ನಿಲ್ಲಿಸುತ್ತದೆ, ನಿಮ್ಮದು ಮ್ಯಾಗ್ನೆಟೋ (ಬ್ಯಾಟರಿ ಇಲ್ಲದೆ ಆಯಸ್ಕಾಂತದಿಂದಲೇ ಕಿಡಿಗೆ ಕರೆಂಟ್ ಹುಟ್ಟಿಸುವ ಸಾಧನ) ಅಲ್ವಾ, ಇಲ್ಲಿ ಪಾಯಿಂಟ್ಸ್ (ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಸಂಪರ್ಕ ತುದಿಗಳು) ವೈರನ್ನು ಗ್ರೌಂಡ್‌ಗೆ, ಅಂದರೆ ಇಂಜಿನ್ನಿನ ಲೋಹದ ಮೈಗೆ, ಮುಟ್ಟಿಸಿದಾಗಲೇ ಕಿಡಿ ನಿಲ್ಲುವುದು. ಎರಡು ಜೊತೆ ಪಾಯಿಂಟ್ಸ್ ಇರುವುದರಿಂದ ಸ್ವಿಚ್‌ಗೆ ಎರಡು ಬೇರೆ ವೈರ್ ಎಳೆಯಿರಿ. ಆ ವೈರಿಗೆ 12 ವೋಲ್ಟ್ ಮಾತ್ರ ಯಾವತ್ತೂ ಕೊಡಬೇಡಿ.

ಗೇಜ್‌ಗಳಲ್ಲಿ ಸಿಲಿಂಡರ್ ಹೆಡ್ ಬಿಸಿ ತೋರಿಸುವುದೇ ಮುಖ್ಯ. ವಾಷರ್‌ನಂಥ ಸೆನ್ಸರ್ ಸ್ಪಾರ್ಕ್ ಪ್ಲಗ್ ಕೆಳಗೆ ಕೂರುತ್ತದೆ. ಇಂಜಿನ್ ತಂಪಾಗಿಸುವ ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ (ನೀರು ತಳ್ಳುವ ಚಕ್ರ) ಸವೆದು ನೀರು ನಿಂತರೆ ಮೊದಲು ಅದರಲ್ಲೇ ಗೊತ್ತಾಗುತ್ತದೆ.