ಸಂಶೋಧನಾ ಅನುದಾನದ ಅರ್ಜಿಗೆ ನೈತಿಕತೆಯ ತರಬೇತಿ ಪ್ರಮಾಣಪತ್ರ ಲಗತ್ತಿಸಿದರೆ ಸಾಕೇ?

ಕಾರವಾರದಿಂದ ಮಂಗನ ಕಾಯಿಲೆಯ ಅಧ್ಯಯನಕ್ಕೆ ಅನುದಾನ ಕೋರುತ್ತಿರುವ ತಾವು, ತರಬೇತಿಯ ಪ್ರಮಾಣಪತ್ರವೊಂದಿದ್ದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ಇದೇ ಕಾಯಿಲೆಯ ಅಧ್ಯಯನಕ್ಕಾಗಿ ಸಿದ್ದಾಪುರದ ಹಳ್ಳಿಗಳಲ್ಲಿ ಓಡಾಡಿದ ಅನುಭವದಿಂದ ಹೇಳುತ್ತಿದ್ದೇನೆ.

ಅಮೆರಿಕ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆಯಾದ ಎನ್‌ಐಎಚ್‌ನ ತರಬೇತಿ ಅನುದಾನ ಪಡೆಯುವವರು ಹೊಣೆಯರಿತ ಸಂಶೋಧನೆಯ ಪಾಠವನ್ನು ಕನಿಷ್ಠ 8 ಗಂಟೆ ಕಲಿಯಬೇಕು; 4 ವರ್ಷಕ್ಕೊಮ್ಮೆಯಾದರೂ ಅದನ್ನು ಮತ್ತೆ ಮಾಡಬೇಕು. ನಮ್ಮಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ 2017ರ ಮಾರ್ಗಸೂಚಿಯೇ ಆಧಾರ. ನೈತಿಕ ಸಮಿತಿಯ ಒಪ್ಪಿಗೆ ಸಿಗುವ ಮೊದಲು ಒಬ್ಬರ ರಕ್ತವನ್ನೂ ತೆಗೆಯುವಂತಿಲ್ಲ.

ಆ ಪಾಠದ ಅರ್ಥ ನನಗೆ ತಿಳಿದದ್ದು ಒಂದು ತೋಟದ ಮನೆಯ ಜಗುಲಿಯಲ್ಲಿ. ಓದು ಬಾರದ ಅಜ್ಜಿಯೊಬ್ಬರಿಗೆ ಒಪ್ಪಿಗೆ ಪತ್ರವನ್ನು ಓದಿ ಹೇಳುತ್ತ ‘5 ಮಿಲಿಲೀಟರ್ ರಕ್ತದ ಮಾದರಿ’ ಎಂದಾಗ ಅವರು ಕೈ ಹಿಂದಕ್ಕೆಳೆದುಕೊಂಡು, “ಅಂದ್ರೆ ಎಷ್ಟು ತಮಾ, ಒಂದು ಲೋಟವಾ?” ಎಂದು ಕೇಳಿದರು. ಅಡುಗೆಮನೆಯಿಂದ ಚಹಾ ಚಮಚ ತರಿಸಿ ತೋರಿಸಿದ ಮೇಲೆಯೇ ಅವರಿಗೆ ಸಮಾಧಾನವಾಯಿತು. ಪತ್ರದಲ್ಲಿ ‘ಒಂದು ಚಮಚದಷ್ಟು’ ಎಂದು ತಿದ್ದಲು ನಿರ್ಧರಿಸಿದೆವು; ಆದರೆ ಆ ಒಂದು ಮಾತಿನ ತಿದ್ದುಪಡಿಯನ್ನೂ ಸಮಿತಿಗೆ ಕಳುಹಿಸಿ, ಒಪ್ಪಿಗೆ ಬಂದ ನಂತರವೇ ಹೊಸ ಪತ್ರವನ್ನು ಬಳಸಿದೆವು. ಹೆಬ್ಬೆಟ್ಟು ಒತ್ತಿಸಿಕೊಳ್ಳುವಾಗ ನಿಷ್ಪಕ್ಷಪಾತಿ ಸಾಕ್ಷಿಯೊಬ್ಬರು ಹತ್ತಿರವಿರಬೇಕು. ತಂಡದವರನ್ನೇ ಸಾಕ್ಷಿಯಾಗಿ ನಿಲ್ಲಿಸಬೇಡಿ. 7 ವರ್ಷ ದಾಟಿದ ಮಕ್ಕಳಾದರೆ ಪಾಲಕರ ಒಪ್ಪಿಗೆಯ ಜೊತೆಗೆ ಮಗುವಿನ ಸಮ್ಮತಿಯೂ ಬೇಕು.

ಇನ್ನು ಅಧ್ಯಯನದ ಕಟ್ಟುನಿಟ್ಟು, ಅಂದರೆ ನಂಬಬಹುದಾದ ಉತ್ತರ ಸಿಗುವಂತೆ ಅದನ್ನು ರೂಪಿಸುವುದು. ಇದನ್ನು ನೈತಿಕತೆಯಿಂದ ಬೇರೆಯಾಗಿ ನೋಡಬಾರದೆಂಬುದು ನನ್ನ ದೃಢ ಅಭಿಪ್ರಾಯ. ಉತ್ತರ ಕೊಡಲಾಗದ ಅಧ್ಯಯನಕ್ಕೆ ಜನರ ರಕ್ತ ತೆಗೆಯುವುದೇ ತಪ್ಪು. ಕಾಯಿಲೆ ಹೆಚ್ಚುವ ಬೇಸಿಗೆಯ ತಿಂಗಳುಗಳಲ್ಲಿಯೇ ಹೆಂಗಸರು ದರಕು (ಒಣಗಿದ ಎಲೆ) ತರಲು ಸೊಪ್ಪಿನ ಬೆಟ್ಟಕ್ಕೆ, ಅಂದರೆ ತೋಟಕ್ಕೆ ಸೊಪ್ಪು ಒದಗಿಸುವ ಕಾಡಿಗೆ, ಹೋಗುತ್ತಾರೆ. ನೀವು ಬೆಳಗ್ಗೆ ಹತ್ತಕ್ಕೆ ಮನೆ ಮನೆ ಸುತ್ತಿದರೆ, ಈ ಕಾಯಿಲೆ ಹರಡುವ ಉಣುಗು ಕಚ್ಚಿಸಿಕೊಳ್ಳುವ ಸಾಧ್ಯತೆ ಹೆಚ್ಚಿರುವವರೇ ಲೆಕ್ಕದಿಂದ ಬಿಟ್ಟುಹೋಗುತ್ತಾರೆ. ಭೇಟಿಯ ಸಮಯವನ್ನೂ, ಎಷ್ಟು ಜನರನ್ನು ಯಾವ ಲೆಕ್ಕದ ಮೇಲೆ ಆರಿಸಿದಿರಿ ಎಂಬುದನ್ನೂ ಅರ್ಜಿಯಲ್ಲಿ ಬಿಡಿಸಿ ಬರೆಯಿರಿ. ಉಣುಗು ನಾಶಕ ಔಷಧಿಯ ಪರಿಣಾಮವನ್ನೂ ಅಳೆಯುವುದಿದ್ದರೆ, ಉಣುಗುಗಳನ್ನು ಎಣಿಸುವವರಿಗೆ ಅವು ಔಷಧಿ ಸಿಂಪಡಿಸಿದ ಜಾಗದವೇ ಅಲ್ಲವೇ ಎಂಬುದು ತಿಳಿಯದಂತೆ ಏರ್ಪಾಡು ಮಾಡಿ. ಎನ್‌ಐಎಚ್ 2016ರಿಂದ ಅರ್ಜಿಗಳಲ್ಲಿ ಕೇಳುತ್ತಿರುವುದು ಇಂಥ ವಿವರಗಳನ್ನೇ. ಹೆಣ್ಣು-ಗಂಡಿನ ವ್ಯತ್ಯಾಸವನ್ನು ಹೇಗೆ ಪರಿಗಣಿಸಿದ್ದೀರಿ ಎಂಬುದೂ ಅದರಲ್ಲಿ ಸೇರಿದೆ.

ಆ ಅಜ್ಜಿ ಹೆಬ್ಬೆಟ್ಟು ಒತ್ತಿದ ಮೇಲೆ, “ವರದಿ ನಮಗೆ ಸಿಗ್ತದಾ?” ಎಂದು ಕೇಳಿದ್ದರು. ಮನೆಗೆ ಮರಳಿ ಹೋಗಿ ವರದಿ ತಿಳಿಸುವ ಖರ್ಚನ್ನು ನಾವು ಆಯವ್ಯಯದಲ್ಲಿ ಸೇರಿಸಿರಲಿಲ್ಲ. ತಾವು ಅದನ್ನು ಮೊದಲೇ ಸೇರಿಸಿ.