ಎರಡು ತಿಂಗಳಿಗೆ ಮತ್ತೆ ಮಲೇರಿಯಾ: ಹೊಸ ಔಷಧಿ ಬೇಕಾ?
ನಿಮ್ಮ ಮೂಡಿಗೆರೆ ತೋಟದ ಆಳಿಗೆ ಕ್ಲೋರೋಕ್ವಿನ್ ಕೊಟ್ಟರೂ ವೈವಾಕ್ಸ್ ಅನ್ನೋ ಬಗೆಯ ಮಲೇರಿಯಾ ಮರುಕಳಿಸಿದೆ ಅಂದಿರಿ. ಆ ಮಾತ್ರೆ ರಕ್ತದಲ್ಲಿರುವ ರೋಗಾಣುವನ್ನಷ್ಟೇ ಕೊಲ್ಲುತ್ತದೆ. ಲಿವರ್‌ನಲ್ಲಿ ಮಲಗಿದ್ದದ್ದು ಈಗ ಎದ್ದಿರಬೇಕು. ಹೊಸದಾಗಿ ಸೊಳ್ಳೆ ಕಚ್ಚಿದ್ದೂ ಇರಬಹುದು, ರಕ್ತಪರೀಕ್ಷೆಯಲ್ಲಿ ಆ ವ್ಯತ್ಯಾಸ ಕಾಣಲ್ಲ.

ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮತ್ತೆ ರಕ್ತ ಪರೀಕ್ಷೆ ಮಾಡಿಸಿ. ಹಳೇ ಚೀಟಿಯನ್ನೂ ನೋಡಿ: ಲಿವರ್‌ನಲ್ಲಿ ಮಲಗಿದ್ದನ್ನು ಕೊಲ್ಲುವ ಪ್ರೈಮಾಕ್ವಿನ್ ಮಾತ್ರೆಯನ್ನು 14 ದಿನಕ್ಕೆ ಬರೆದಿದ್ದರಾ, ಪೂರ್ತಿ ನುಂಗಿದ್ದಾರಾ? ನಮ್ಮ ಲೈನ್ ಮನೆಯಲ್ಲಿ ಒಬ್ಬರು ಜ್ವರ ಬಿಟ್ಟಿತು ಅಂತ ನಾಲ್ಕನೇ ದಿನಕ್ಕೇ ನಿಲ್ಲಿಸಿ, ಉಳಿದ ಮಾತ್ರೆಯನ್ನು ಅಕ್ಕಿ ಡಬ್ಬದ ಮೇಲಿಟ್ಟಿದ್ದರು!

ಪ್ರೈಮಾಕ್ವಿನ್ ಶುರು ಮಾಡುವ ಮುಂಚೆ ಜಿ6ಪಿಡಿ ಅನ್ನೋ ಕಿಣ್ವದ ರಕ್ತಪರೀಕ್ಷೆ ಕೇಳಿ. ಆ ಕಿಣ್ವ ಕಮ್ಮಿಯಿದ್ದರೆ ಈ ಮಾತ್ರೆಯಿಂದ ಕೆಂಪು ರಕ್ತಕಣ ಒಡೆಯುತ್ತವೆ. ಗರ್ಭಿಣಿಗೆ ಪ್ರೈಮಾಕ್ವಿನ್ ಬೇಡವೇ ಬೇಡ.

ಇದೇ ಕೆಲಸ ಮಾಡುವ, ಒಂದೇ ಡೋಸಿನ ಹೊಸ ಔಷಧಿ ಟಾಫೆನೋಕ್ವಿನ್‌ಗೆ 2018ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿದೆ, ಅದಕ್ಕೂ ಇದೇ ಪರೀಕ್ಷೆ ಬೇಕು. ಸುಮ್ನೆ ಅದಕ್ಕೆ ಕಾಯಬೇಡಿ. ಡಾಕ್ಟರ್ ಬರೆದ ಮಾತ್ರೆಯನ್ನು ದಿನಾ ಊಟವಾದ ಮೇಲೆ ನಿಮ್ಮೆದುರೇ ನುಂಗಿಸಿ. ಮೂತ್ರ ಕಪ್ಪಾದರೆ ನಿಲ್ಲಿಸಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.