ಫಸಲೂ ಅರ್ಧ, ಧಾರಣೆಯೂ ಇಳಿಕೆ: ಹೀಗೇಕೆ?

ಪ್ರಶ್ನೆ: ಹೊಸನಗರ ತಾಲ್ಲೂಕಿನಲ್ಲಿ ನಮಗೆ ಎರಡು ಎಕರೆ ಅಡಿಕೆ ತೋಟವಿದೆ. ಬೋರ್ಡೋ ದ್ರಾವಣ ಹೊಡೆಸಿದರೂ ಈ ಮಳೆಗಾಲದಲ್ಲಿ ಕೊಳೆ ರೋಗ ಬಂದು ಅರ್ಧ ಫಸಲು ಉದುರಿಹೋಯಿತು. ಬೆಳೆ ಕಡಿಮೆಯಾದರೆ ಬೆಲೆ ಏರುತ್ತದೆ ಎಂದು ಪಿಯುಸಿಯಲ್ಲಿ ಓದಿದ್ದೆ. ಶಿವಮೊಗ್ಗದ ಮಂಡಿಯಲ್ಲಿ ವಿಚಾರಿಸಿದರೆ ರಾಶಿ ಅಡಿಕೆ (ಬೇಯಿಸಿ ಒಣಗಿಸಿದ ಕೆಂಪಡಿಕೆಯ ಒಂದು ದರ್ಜೆ) ಧಾರಣೆ ಹೋದ ತಿಂಗಳಿಗಿಂತ ಇಳಿದಿದೆ. ಇದು ಹೇಗೆ? ಪಕ್ಕದ ಮನೆಯವರು ಶುಂಠಿಗೆ ಒಳ್ಳೆಯ ಬೆಲೆಯಿದೆ, ಗದ್ದೆಗೆ ಹಾಕು ಎನ್ನುತ್ತಿದ್ದಾರೆ. ಹಾಕಬಹುದೇ?
– ಓದುಗರು, ಹೊಸನಗರ

ಉತ್ತರ: ಅರ್ಧ ಫಸಲು ಕಳೆದುಕೊಂಡವರಿಗೆ ಪಾಠ ಹೇಳಲು ಮನಸ್ಸು ಬರುವುದಿಲ್ಲ. ಆದರೆ ಶುಂಠಿಯ ತೀರ್ಮಾನ ನಿಮ್ಮ ಮುಂದಿರುವುದರಿಂದ ಈ ಲೆಕ್ಕ ಬಿಡಿಸಿ ನೋಡಲೇಬೇಕು.

ಅರ್ಥಶಾಸ್ತ್ರದಲ್ಲಿ ಪೂರೈಕೆ ಎಂದರೆ ಮರದಲ್ಲಿರುವ ಅಡಿಕೆ ಗೊನೆಯಲ್ಲ. ಇಂಥ ಬೆಲೆ ಸಿಕ್ಕರೆ ಎಲ್ಲ ಮಾರಾಟಗಾರರೂ ಸೇರಿ ಎಷ್ಟು ಮಾಲು ಬಿಡಲು ಸಿದ್ಧರಿದ್ದಾರೆ ಎಂಬುದು ಪೂರೈಕೆ. ಅದರಲ್ಲಿ ನಿಮ್ಮ ತೋಟ, ನಿಮ್ಮ ಊರು, ಇಡೀ ತಾಲ್ಲೂಕು ಸೇರಿದರೂ ಸಣ್ಣ ಪಾಲು. ಕೊಳೆ ಎಂಬುದು ಬಿಡದೆ ಮಳೆ ಹೊಯ್ಯುವ ಸೀಮೆಯ ರೋಗ. ತೀರ್ಥಹಳ್ಳಿ, ಹೊಸನಗರ, ಶೃಂಗೇರಿ, ಕೊಪ್ಪದ ಕಡೆ ಅದರ ಹೊಡೆತ ಜಾಸ್ತಿ. ಚನ್ನಗಿರಿ, ಹೊಳಲ್ಕೆರೆಯ ಕಡೆ ಅಷ್ಟು ಮಳೆಯಿಲ್ಲ, ಕೊಳೆಯ ಕಾಟವೂ ಅಷ್ಟಿಲ್ಲ. ಭದ್ರಾ ಅಚ್ಚುಕಟ್ಟಿನಲ್ಲಂತೂ ಭತ್ತದ ಗದ್ದೆಗಳೇ ತೋಟಗಳಾಗಿವೆ. ಅಲ್ಲಿಯ ಕೆಂಪಡಿಕೆಯೂ ನಿಮ್ಮದೂ ಮಾರುವುದು ಒಂದೇ ಪೇಟೆಯಲ್ಲಿ. ಅಲ್ಲಿ ಬೆಳೆ ಚೆನ್ನಾಗಿ ಬಂದರೆ ಮಲೆನಾಡಿನ ಕೊರತೆ ಧಾರಣೆಯಲ್ಲಿ ಕಾಣುವುದೇ ಇಲ್ಲ.

ಇದಕ್ಕೆ ದಾಸ್ತಾನೂ ಸೇರಿಕೊಳ್ಳುತ್ತದೆ. ಬೇಯಿಸಿ ಒಣಗಿಸಿದ ಅಡಿಕೆ ವರ್ಷಗಟ್ಟಲೆ ಇಡಬಹುದಾದ ಮಾಲು. ಧಾರಣೆ ಏರುತ್ತದೆ ಎನಿಸಿದರೆ ಬೆಳೆಗಾರರು ಮೂಟೆ ಬಿಚ್ಚುವುದಿಲ್ಲ. ಇಳಿಯುತ್ತದೆ ಎಂಬ ಸುದ್ದಿ ಹಬ್ಬಿದರೆ ಹಳೆ ಮಾಲೆಲ್ಲ ಒಟ್ಟಿಗೆ ಮಂಡಿಗೆ ಬರುತ್ತದೆ, ಆ ಆವಕವೇ ಬೆಲೆಯನ್ನು ಇನ್ನಷ್ಟು ಇಳಿಸುತ್ತದೆ. ಹೊರದೇಶದ ಅಡಿಕೆಯೂ ಪೂರೈಕೆಯ ಭಾಗ. ಅಗ್ಗದ ಮಾಲು ಒಳಬರದಂತೆ ಕೇಂದ್ರ ಸರ್ಕಾರ 2023ರ ಫೆಬ್ರುವರಿಯಲ್ಲಿ ಕನಿಷ್ಠ ಆಮದು ಬೆಲೆಯನ್ನು ಕೆ.ಜಿ.ಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತು.

ಇನ್ನು ಬೇಡಿಕೆ. ಕೆಂಪಡಿಕೆಯ ದೊಡ್ಡ ಗಿರಾಕಿ ಉತ್ತರ ಭಾರತದ ಪಾನ್ ಮಸಾಲ ಉದ್ಯಮ. ಅಲ್ಲಿಯ ಖರೀದಿದಾರರು ನಾಲ್ಕು ವಾರ ಕೈಕಟ್ಟಿ ಕುಳಿತರೂ ಸಾಕು, ಇಲ್ಲಿ ಧಾರಣೆ ಕುಸಿಯುತ್ತದೆ. 2013ರಲ್ಲಿ ಕರ್ನಾಟಕದಲ್ಲಿ ಅಡಿಕೆ, ತಂಬಾಕು ಬೆರೆಸಿದ ಗುಟ್ಕಾ ನಿಷೇಧವಾದಾಗ ಅಡಿಕೆಯ ಕಥೆ ಮುಗಿಯಿತು ಎಂದವರು ಬಹಳ. ಆದರೆ ಪಾನ್ ಮಸಾಲ ಮತ್ತು ತಂಬಾಕು ಬೇರೆ ಬೇರೆ ಪೊಟ್ಟಣಗಳಲ್ಲಿ ಮಾರಾಟವಾದವು, ಮರುವರ್ಷ ಕೆಂಪಡಿಕೆ ಧಾರಣೆ ಅಲ್ಲಿಯವರೆಗೆ ಕಾಣದ ಎತ್ತರಕ್ಕೆ ಹೋಯಿತು. ಬೇಡಿಕೆ ಎತ್ತ ಹೊರಳುತ್ತದೆ ಎಂದು ತೋಟದಲ್ಲಿ ನಿಂತು ಹೇಳುವುದು ಅಷ್ಟು ಕಷ್ಟ.

ಹಾಗಾಗಿ ನೀವು ಓದಿದ ನಿಯಮ ಸುಳ್ಳಲ್ಲ, ಆದರೆ ಅದಕ್ಕೊಂದು ಷರತ್ತಿದೆ: ‘ಉಳಿದದ್ದೆಲ್ಲ ಹಾಗೇ ಇದ್ದರೆ’. ನಮ್ಮ ಪಠ್ಯಗಳು ಈ ಷರತ್ತನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತವೆ ಎಂಬುದು ನನ್ನ ಬಹುಕಾಲದ ಕೊರಗು. ಮಂಡಿಯಲ್ಲಿ ಉಳಿದದ್ದು ಯಾವುದೂ ಹಾಗೇ ಇರುವುದಿಲ್ಲ.

ಶುಂಠಿಯ ವಿಷಯದಲ್ಲಿ ನನಗೆ ಹೆಚ್ಚು ಆತಂಕ. ಇವತ್ತಿನ ಬೆಲೆ ಹೋದ ವರ್ಷ ನೆಟ್ಟಿದ್ದರ ಫಲ. ನೀವು ಬರುವ ಏಪ್ರಿಲ್–ಮೇನಲ್ಲಿ ನೆಟ್ಟದ್ದು ಪೇಟೆಗೆ ಬರುವುದು ಮಳೆಗಾಲ ಕಳೆದು ಬೇಸಿಗೆ ಹತ್ತಿರವಾದಾಗ. ಅಷ್ಟರಲ್ಲಿ ಇದೇ ಬೆಲೆ ನೋಡಿ ಸಾಗರ, ಸೊರಬ, ಶಿಕಾರಿಪುರದಲ್ಲಿ ಗುತ್ತಿಗೆಗೆ ಜಮೀನು ಹಿಡಿದವರ ಮಾಲೂ ನಿಮ್ಮದರ ಜೊತೆಗೇ ಬಂದಿರುತ್ತದೆ. ಬೆಲೆ ಬಿದ್ದ ವರ್ಷ ಕೈಸುಟ್ಟುಕೊಂಡವರು ಬಿಡುತ್ತಾರೆ, ಅದರ ಮುಂದಿನ ವರ್ಷ ಮಾಲಿಲ್ಲದೆ ಬೆಲೆ ಮತ್ತೆ ಜಿಗಿಯುತ್ತದೆ. ನಕ್ಷೆಯಲ್ಲಿ ಗೆರೆ ಎಳೆದರೆ ಬಲೆಯಂತೆ ಕಾಣುವುದರಿಂದ ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡರ್ 1934ರಲ್ಲಿ ಇದನ್ನು ಜೇಡರಬಲೆ ಸಿದ್ಧಾಂತ ಎಂದು ಕರೆದರು. ಅಡಿಕೆಯಲ್ಲೂ ಈ ಸುತ್ತು ಇದೆ, ಆದರೆ ಸಸಿ ಫಸಲು ಕೊಡಲು ಐದಾರು ವರ್ಷ ಬೇಕಾದ್ದರಿಂದ ಅದು ನಿಧಾನಕ್ಕೆ ತಿರುಗುತ್ತದೆ. 2014ರ ಧಾರಣೆ ನೋಡಿ ನೆಟ್ಟ ಸಸಿಗಳು ಕೈಗೆ ಬಂದದ್ದು 2020ರ ಆಸುಪಾಸಿನಲ್ಲಿ.

ಶುಂಠಿಯ ಏರಿಳಿತ ಇಷ್ಟು ಜೋರಾಗಿರಲು ಇನ್ನೊಂದು ಕಾರಣ, ಅದರ ಬೇಡಿಕೆ ಹಿಗ್ಗುವುದಿಲ್ಲ. ಅಗ್ಗವಾಯಿತೆಂದು ಯಾರೂ ಸಾರಿಗೆ ಮೂರು ಪಟ್ಟು ಶುಂಠಿ ಹಾಕುವುದಿಲ್ಲ, ತುಟ್ಟಿಯಾಯಿತೆಂದು ಪೂರಾ ಬಿಡುವುದೂ ಇಲ್ಲ. ಹಾಗಾಗಿ ಸ್ವಲ್ಪ ಹೆಚ್ಚು ಮಾಲು ಬಂದರೂ ಅದು ಖರ್ಚಾಗಬೇಕಾದರೆ ಬೆಲೆ ತುಂಬಾ ಕೆಳಗಿಳಿಯಬೇಕು. ಕಿತ್ತ ಶುಂಠಿಯನ್ನು ಅಡಿಕೆಯಂತೆ ಕಟ್ಟಿಡಲಾಗದು; ಕೀಳದೆ ನೆಲದಲ್ಲೇ ಬಿಟ್ಟು ಕೆಲವು ತಿಂಗಳು ಕಾಯಬಹುದು, ಅಷ್ಟೇ. ಬೆಲೆ ಏರಿದ ವರ್ಷ ಬಿತ್ತನೆ ಶುಂಠಿಯೂ ದುಬಾರಿ ಎಂಬುದನ್ನು ಮರೆಯಬೇಡಿ. ಎಕರೆಗೆ 60 ಕೆ.ಜಿ.ಯ ಹತ್ತಕ್ಕೂ ಹೆಚ್ಚು ಚೀಲ ಬಿತ್ತನೆ ಬೇಕು. ಅಂದರೆ ದುಬಾರಿ ಕಾಲದಲ್ಲಿ ಕೊಂಡು ಅಗ್ಗದ ಕಾಲದಲ್ಲಿ ಮಾರುವ ಅಪಾಯ ನಿಮ್ಮದು.

ಸಾಲ ಮಾಡಿ ಹಾಕಬೇಡಿ. ಕೈಯಲ್ಲಿ ಹಣವಿದ್ದರೆ ಬಿತ್ತನೆ, ಗೊಬ್ಬರ, ಔಷಧಿ, ಕೂಲಿ ಎಲ್ಲ ಕೂಡಿಸಿ, ಸಾಧಾರಣ ಇಳುವರಿಯ ಚೀಲಗಳಿಂದ ಭಾಗಿಸಿ. ಚೀಲಕ್ಕೆ ಬೀಳುವ ಖರ್ಚು ಇಂದಿನ ಧಾರಣೆಯ ಅರ್ಧಕ್ಕಿಂತ ಕೆಳಗಿದ್ದರೆ ಮಾತ್ರ ಯೋಚಿಸಿ. ಅದೂ ನೀರು ನಿಲ್ಲದ ಮಕ್ಕಿಗದ್ದೆಯಲ್ಲಿ (ಎತ್ತರದ ಗದ್ದೆ), ಮೊದಲ ವರ್ಷ ಅರ್ಧ ಎಕರೆಗಿಂತ ಹೆಚ್ಚು ಬೇಡ.